ಟೈರಿನ ಪಕ್ಕೆಯಲ್ಲಿ ಬರೆದ ಅಂಕಿ

(ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಸೈಕಲ್ ಮತ್ತು ಚಾರಣದ ಸಾಮಾನುಗಳ ಬಗ್ಗೆ ಆಡಿದ ಮಾತಿನ ಬರಹ ರೂಪ. ಮೇಜಿನ ಮೇಲೆ ಸಾಮಾನು ಹರಡಿಕೊಂಡು ಮಾತನಾಡಿದ್ದರಿಂದ, ಕೈ ತೋರಿಸಿ ‘ಇದು’, ‘ಅದು’ ಎಂದಿದ್ದನ್ನೆಲ್ಲ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಯಾವ ಕಂಪನಿಯ ಸೈಕಲ್ ಒಳ್ಳೆಯದು, ಯಾವ ಕಂಪನಿಯ ಬೂಟು ಬಾಳಿಕೆ ಬರುತ್ತದೆ ಎಂದು ತಿಳಿದುಕೊಂಡು ಹೋಗಲು ಬಂದವರ ಕ್ಷಮೆಯನ್ನು ಮೊದಲೇ ಕೇಳುತ್ತೇನೆ. ಇವತ್ತು ನನ್ನ ಬಾಯಿಂದ ಒಂದು ಕಂಪನಿಯ ಹೆಸರೂ ಬರುವುದಿಲ್ಲ. ನಾನು ಹೇಳಲು ಬಂದಿರುವುದು ಇಷ್ಟೇ: ನಿಮ್ಮ ಮೈಯ ಅಳತೆ ಹಿಡಿಯಿರಿ, ಸಾಮಾನಿನ ಮೇಲೆ ಬರೆದಿರುವ ಅಂಕಿಯನ್ನು ಓದಿ, ಆಮೇಲೆ ಬೆಲೆ ಕೇಳಿ. ನಾವು ಮೊದಲು ಹೆಸರು ಕೇಳುತ್ತೇವೆ, ಆಮೇಲೆ ಬೆಲೆ ಕೇಳುತ್ತೇವೆ, ಮನೆಗೆ ತಂದು ಎರಡು ತಿಂಗಳು ಸೊಂಟ ಹಿಡಿದುಕೊಂಡ ಮೇಲೆ ಅಳತೆಯ ಯೋಚನೆ ಮಾಡುತ್ತೇವೆ.

ನಮ್ಮಪ್ಪನಿಗೆ ಮಂಡ್ಯದ ಪೇಟೆ ಬೀದಿಯಲ್ಲಿ ಸೈಕಲ್ ಷಾಪ್ ಇತ್ತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿ. ಹೊಸಬರು ಯಾರಾದರೂ ಬಂದರೆ ಅಪ್ಪ ಅವರ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ‘ಕೈ ಚಾಚಿ ಸ್ವಾಮಿ’ ಎನ್ನುತ್ತಿದ್ದರು. ಬಂದವರು ಸೈಕಲ್ಲಿನ ಪಕ್ಕದಲ್ಲಿ ಬಾಗಿ, ಎರಡು ಪೆಡಲುಗಳನ್ನು ಸೇರಿಸುವ ಅಚ್ಚಿನ ನಡುವೆ ಬೆರಳ ತುದಿ ಇಟ್ಟು, ತೋಳನ್ನು ನೀಳವಾಗಿ ಸೀಟಿನ ಕಡೆಗೆ ಮಲಗಿಸಬೇಕು. ಸೀಟು ಕಂಕುಳಿಗೆ ಬಂದರೆ ಸರಿ. ಬರದಿದ್ದರೆ ಸ್ಪ್ಯಾನರ್ ತೆಗೆದುಕೊಂಡು ಏರಿಸುತ್ತಿದ್ದರು, ಇಲ್ಲವೇ ಇಳಿಸುತ್ತಿದ್ದರು. ಅಷ್ಟಾದ ಮೇಲೆಯೇ ಪುಸ್ತಕದಲ್ಲಿ ಹೆಸರು, ಹೊತ್ತು ಬರೆಯುವುದು. ನನ್ನಂತಹ ಗಿಡ್ಡ ಹುಡುಗರಿಗೆ ಯಾವ ಸೀಟೂ ಕಂಕುಳಿಗೆ ಸಿಗುತ್ತಿರಲಿಲ್ಲವಾದ್ದರಿಂದ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುವುದೇ ಗತಿ.

ಬಹಳ ವರ್ಷಗಳಾದ ಮೇಲೆ, ಸೈಕಲ್ ಪಂದ್ಯದವರು ಸೀಟಿನ ಎತ್ತರಕ್ಕೆ ಬಳಸುವ ಒಂದು ಲೆಕ್ಕ ನನಗೆ ಸಿಕ್ಕಿತು. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಿನಲ್ಲಿ ನಿಂತು, ತೊಡೆಗಳ ಸಂದಿಯಿಂದ ನೆಲದವರೆಗಿನ ಒಳಗಾಲಿನ ಉದ್ದವನ್ನು ಅಳೆಯಬೇಕು. ಅದನ್ನು 0.883ರಿಂದ ಗುಣಿಸಿದರೆ ಬರುವುದು ಎರಡು ಪೆಡಲುಗಳನ್ನು ಸೇರಿಸುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕಿರಬೇಕಾದ ದೂರ. ನನ್ನ ಒಳಗಾಲು 80 ಸೆಂಟಿಮೀಟರ್, ಲೆಕ್ಕ 70.6 ಎಂದಿತು. ನಮ್ಮಪ್ಪನ ಕಂಕುಳ ಲೆಕ್ಕದಲ್ಲಿ ಹಿಡಿದು ನೋಡಿದೆ, 71 ಚಿಲ್ಲರೆ ಬಂತು. ಅರ್ಧ ಸೆಂಟಿಮೀಟರಿಗೆ ನಾನು ಅಪ್ಪನ ಜೊತೆ ಜಗಳವಾಡುವುದಿಲ್ಲ.

ಸೀಟು ಎರಡು ಅಂಗುಲ ತಗ್ಗಾಗಿದ್ದರೆ ಮಂಡಿ ಪೂರ್ತಿ ಬಿಡಿಸಿಕೊಳ್ಳುವುದೇ ಇಲ್ಲ, ನೋವು ಮಂಡಿಚಿಪ್ಪಿನ ಮುಂದೆ ಬರುತ್ತದೆ. ಎತ್ತರವಾಗಿದ್ದರೆ ಸೊಂಟ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ನೋವು ಮಂಡಿಯ ಹಿಂದಕ್ಕೆ ಹೋಗುತ್ತದೆ. 2017ರಲ್ಲಿ ನಮ್ಮ ಮೈಸೂರಿನಲ್ಲಿ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಶುರುವಾದಾಗ ನಾನು ಅರಮನೆಯ ಹತ್ತಿರ ನಿಂತು ಸುಮ್ಮನೆ ನೋಡುತ್ತಿದ್ದೆ. ಹಿಂದಿನವರು ಬಿಟ್ಟುಹೋದ ಎತ್ತರದಲ್ಲೇ ಎಲ್ಲರೂ ಏರಿ ಹೋಗುತ್ತಿದ್ದರು. ಕೆಳಗಿನ ಹಿಡಿಕೆ ಸಡಿಲಿಸಿದರೆ ಸೀಟು ಏರುತ್ತದೆ, ಇಳಿಯುತ್ತದೆ. ಅರ್ಧ ನಿಮಿಷದ ಕೆಲಸ.

ಈಗ ಟೈರಿಗೆ ಬರೋಣ. ಇಲ್ಲಿ ನನ್ನ ಮಾನ ಹೋದ ಕಥೆಯನ್ನೇ ಹೇಳಬೇಕು. ಮೇಲುಕೋಟೆಗೆ ಹೊರಟಿದ್ದೆವು, ನಾನು ಮತ್ತು ನನ್ನ ತಂಗಿಯ ಮಗ. ಪಾಂಡವಪುರ ದಾಟಿದ ಮೇಲೆ ಅವನ ಗೇರ್ ಸೈಕಲ್ಲಿನ ಹಿಂದಿನ ಟೈರು ಚೂಪುಗಲ್ಲಿಗೆ ಸಿಕ್ಕು ಪಕ್ಕೆ ಸೀಳಿಹೋಯಿತು. ಹಳ್ಳಿಯ ಒಂದು ಸೈಕಲ್ ಷಾಪಿನಲ್ಲಿ ‘ಇಪ್ಪತ್ತೆಂಟರ ಟೈರು ಕೊಡಿ’ ಎಂದೆ. ಸೀಳಿದ ಟೈರಿನ ಪಕ್ಕೆಯಲ್ಲೂ 28 ಎಂದೇ ಇತ್ತು. ಅಂಗಡಿಯವರು 28ರದ್ದನ್ನೇ ಕೊಟ್ಟರು, ಅವರ ತಪ್ಪೇನೂ ಇಲ್ಲ. ರಿಮ್ಮಿಗೆ ಹಾಕುವಾಗ ಬರಿಗೈಯಲ್ಲೇ ಸಲೀಸಾಗಿ ಕೂತುಬಿಟ್ಟಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಗಾಳಿ ತುಂಬುತ್ತಾ ಹೋದಂತೆ ಟೈರು ರಿಮ್ಮಿನಿಂದ ಆಚೆ ಉಬ್ಬಿ, ಟ್ಯೂಬು ಹೊರಗೆ ನಾಲಿಗೆ ಚಾಚಿ, ಢಂ ಎಂದಿತು. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಹೊರಗೆ ಬಂದರು. ಸೈಕಲ್ ಷಾಪಿನವನ ಮಗ ಎಂದು ಅಲ್ಲಿಯವರೆಗೆ ಜಂಬ ಕೊಚ್ಚಿಕೊಳ್ಳುತ್ತಿದ್ದವನು ನಾನು.

ಆದದ್ದು ಇಷ್ಟು. ಹಾಲು ಹಾಕುವವರ, ಅಂಚೆಯವರ ಹಳೆಯ ಕರಿ ಸೈಕಲ್ಲಿನ ಟೈರು 28 × 1½. ಅದರ ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ಜಾಗದ ಅಡ್ಡಳತೆ 635 ಮಿಲಿಮೀಟರ್. ಗೇರ್ ಸೈಕಲ್ಲಿನ 700ಸಿ ಎಂಬ ಟೈರಿನ ಮೇಲೂ ಎಷ್ಟೋ ಸಲ 28 ಎಂದು ಅಚ್ಚಾಗಿರುತ್ತದೆ. ಆದರೆ ಅದರ ಅಡ್ಡಳತೆ 622. ಇಬ್ಬರ ಹೆಸರೂ ಇಪ್ಪತ್ತೆಂಟು, ನಡುವೆ 13 ಮಿಲಿಮೀಟರ್ ವ್ಯತ್ಯಾಸ! ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥರು ಇದ್ದಹಾಗೆ, ಮನೆ ನಂಬರ್ ನೋಡದಿದ್ದರೆ ಕಾಗದ ತಪ್ಪು ಮನೆಗೆ ಹೋಗುತ್ತದೆ. ಮನೆ ನಂಬರೂ ಟೈರಿನ ಪಕ್ಕೆಯಲ್ಲೇ ಸಣ್ಣದಾಗಿ ಉಬ್ಬಕ್ಷರದಲ್ಲಿ ಇರುತ್ತದೆ. ಈ ಟೈರನ್ನು ಬೆಳಕಿಗೆ ಹಿಡಿದು ನೋಡಿ, 37-622 ಎಂದಿದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಆ ಅಡ್ಡಳತೆ, ಎರಡೂ ಮಿಲಿಮೀಟರಿನಲ್ಲಿ. ಅಗಲದಲ್ಲಿ ಅಷ್ಟಿಷ್ಟು ಹೆಚ್ಚು ಕಡಿಮೆಯಾದರೆ ನಡೆಯುತ್ತದೆ. ಎರಡನೆಯ ಅಂಕಿಯಲ್ಲಿ ಒಂದು ಮಿಲಿಮೀಟರಿಗೂ ಮಾಫಿ ಇಲ್ಲ. ಬೆಟ್ಟದ ಸೈಕಲ್ಲಿನ ಹಳೆಯ 26ರದ್ದು 559. ಇದನ್ನು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಇಟ್ಟುಕೊಳ್ಳಿ, ದಾರಿಯಲ್ಲಿ ಯಾವ ಅಂಗಡಿಗೆ ಹೋದರೂ ತೋರಿಸಬಹುದು.

ಅದೇ ಪಕ್ಕೆಯಲ್ಲಿ ಗಾಳಿ ಎಷ್ಟಿರಬೇಕು ಎಂದೂ ಬರೆದಿರುತ್ತದೆ, ಪಿಎಸ್‌ಐ ಲೆಕ್ಕದಲ್ಲಿ, ಅಂದರೆ ಒಂದು ಚದರ ಅಂಗುಲದ ಮೇಲೆ ಎಷ್ಟು ಪೌಂಡ್ ಒತ್ತಡ ಎಂದು. ಅಲ್ಲಿ ಬರೆದಿರುವ ಹೆಚ್ಚಿನ ಅಂಕಿ ಮೀರಬಾರದ ಗಡಿ. ಅಷ್ಟು ತುಂಬಲೇಬೇಕು ಎಂಬ ಆಜ್ಞೆ ಎಂದುಕೊಳ್ಳಬೇಡಿ. ನಾಲೆ ಏರಿಯ ಮಣ್ಣುದಾರಿಗೆ ಸ್ವಲ್ಪ ಇಳಿಸಿಕೊಂಡರೆ ಕೈ ಜುಮ್ಮೆನ್ನುವುದಿಲ್ಲ. ಸೈಕಲ್ಲಿನ ಮೇಲೆ ನಮ್ಮ ಭಾರ ಹಿಂದಕ್ಕೇ ಹೆಚ್ಚು ಬೀಳುವುದರಿಂದ ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ತುಸು ಕಡಿಮೆ ಸಾಕು.

ನಾಲೆ ಏರಿ ಎಂದ ಕೂಡಲೇ ಮುಳ್ಳು ನೆನಪಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಬೆಳಗಿನ ಹೊತ್ತು ಸೈಕಲ್ ತುಳಿಯುವುದಕ್ಕಿಂತ ಸುಖ ಬೇರೆ ಇಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಆದರೆ ಜಾಲಿ ಮುಳ್ಳು ಒಂದು ಕಡೆ, ನೆಗ್ಗಿಲು ಮುಳ್ಳು ಇನ್ನೊಂದು ಕಡೆ. ನೆಗ್ಗಿಲು ನೆಲಕ್ಕೆ ಅಂಟಿಕೊಂಡು ಹರಡುವ ಸಣ್ಣ ಗಿಡ, ಹಳದಿ ಹೂವು, ನೋಡಲು ಪಾಪದ ಪ್ರಾಣಿ. ಅದರ ಕಾಯಿ ಒಣಗಿ ಒಡೆದರೆ ಪ್ರತಿ ಹೋಳಿಗೂ ಕೊಂಬು. ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ ಇರುತ್ತದೆ.

ಪಂಕ್ಚರ್ ಹಾಕುವುದನ್ನು ಅಪ್ಪ ಮಾಡುತ್ತಿದ್ದ ಹಾಗೆಯೇ ಹೇಳುತ್ತೇನೆ. ಟ್ಯೂಬಿಗೆ ಗಾಳಿ ತುಂಬಿ ತೊಟ್ಟಿ ನೀರಿನಲ್ಲಿ ಗೇಣು ಗೇಣಾಗಿ ಮುಳುಗಿಸಿದರೆ ಎಲ್ಲೋ ಒಂದು ಕಡೆ ಗುಳ್ಳೆ ಸಾಲಾಗಿ ಏಳುತ್ತದೆ. ಒರೆಸಿ, ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಸೊಲ್ಯೂಷನ್ ತೆಳುವಾಗಿ ಸವರಬೇಕು. ಎಲ್ಲರೂ ತಪ್ಪು ಮಾಡುವುದು ಇಲ್ಲಿ: ಹಸಿ ಇರುವಾಗಲೇ ತೇಪೆ ಒತ್ತಿಬಿಡುತ್ತಾರೆ. ಅದು ಆರಿ, ಬೆರಳಿಗೆ ಅಂಟುವ ಹದಕ್ಕೆ ಬರಬೇಕು. ಅಪ್ಪ ಆ ಹೊತ್ತಿನಲ್ಲಿ ಒಂದು ಬೀಡಿ ಹಚ್ಚುತ್ತಿದ್ದರು, ಅದೇ ಗಡಿಯಾರ. ಸೊಲ್ಯೂಷನ್ ಪಕ್ಕದಲ್ಲಿ ಬೆಂಕಿ! ನೀವು ಬೀಡಿ ಹಚ್ಚಬೇಡಿ, ಐದು ನಿಮಿಷ ಸುಮ್ಮನೆ ಕೂತಿರಿ. ತೇಪೆ ಹಾಕಿಯಾದ ಮೇಲೆ ಟೈರಿನ ಒಳಗನ್ನು ಹಳೆಯ ಬಟ್ಟೆಯ ಚೂರಿನಿಂದ ಸುತ್ತ ಒರೆಸಬೇಕು. ಮುರಿದ ಮುಳ್ಳು ಇದ್ದರೆ ಬಟ್ಟೆಯ ದಾರ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ತಡವಿದರೆ ಬೆರಳು ಪಂಕ್ಚರ್. ಇನ್ನೊಂದು ಉಪಾಯ, ಟೈರು ಹಾಕುವಾಗ ಅದರ ಹೆಸರಿನ ಅಚ್ಚು ವಾಲ್ವಿನ ಮೇಲೇ ಬರುವಂತೆ ಕೂರಿಸಿ. ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರದಲ್ಲಿದೆಯೋ, ಟೈರಿನಲ್ಲಿ ಮುಳ್ಳು ಹೆಸರಿನಿಂದ ಅಷ್ಟೇ ದೂರದಲ್ಲಿ ಸಿಗುತ್ತದೆ. ಕಂಪನಿಯ ಹೆಸರಿನಿಂದ ನನಗೆ ಆಗಿರುವ ಉಪಕಾರ ಇದೊಂದೇ.

ವಾಲ್ವಿನ ಮಾತೂ ಸೇರಿಸಿಬಿಡುತ್ತೇನೆ. ತೆಳ್ಳನೆಯ ಪ್ರೆಸ್ಟಾ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನ ಗಾಳಿ ಯಂತ್ರ ಅದಕ್ಕೆ ಸೇರುವುದಿಲ್ಲ. ಹೆಬ್ಬೆರಳ ಉಗುರಿನಷ್ಟು ಹಿತ್ತಾಳೆಯ ಒಂದು ತಿರುಪು ಸಿಗುತ್ತದೆ, ಹಾಕಿಕೊಂಡರೆ ಸೇರುತ್ತದೆ. ಚೀಲದಲ್ಲಿ ಒಂದು ಇರಲಿ.

ಮೈಸೂರಿನಲ್ಲಿ ಸೈಕಲ್ ಕೊಂಡವರೆಲ್ಲ ಕೊನೆಗೆ ಚಾಮುಂಡಿ ಬೆಟ್ಟದ ಬುಡಕ್ಕೆ ಬಂದು ನಿಲ್ಲುತ್ತೇವೆ. ಊರಿನ ಮಟ್ಟದಿಂದ ಹೆಚ್ಚು ಕಡಿಮೆ 300 ಮೀಟರ್ ಏರು. ಇಲ್ಲಿ ಹಗುರ ಸೈಕಲ್ ಬೇಕು ಎಂಬ ಆಸೆ ಹುಟ್ಟುತ್ತದೆ. ಲೆಕ್ಕ ಹಾಕಿ ನೋಡೋಣ. ನೀವು 70 ಕೆ.ಜಿ., ಸೈಕಲ್ 15 ಕೆ.ಜಿ., ಒಟ್ಟು 85. ಮೂರು ಕೆ.ಜಿ. ಹಗುರವಾದ ಸೈಕಲ್ಲಿಗೆ ಹತ್ತಾರು ಸಾವಿರ ಹೆಚ್ಚು ಕೊಟ್ಟಿರಿ ಎನ್ನಿ. ಮೇಲಕ್ಕೆ ಒಯ್ಯಬೇಕಾದ ಭಾರ 82 ಆಯಿತು, ನೂರಕ್ಕೆ ಮೂರೂವರೆ ಪಾಲು ಕಡಿಮೆ. ಅರ್ಧ ಗಂಟೆಯಲ್ಲಿ ಹತ್ತುವವರಿಗೆ ಉಳಿಯುವುದು ಒಂದು ನಿಮಿಷ. ಅದೇ ಮೂರು ಕೆ.ಜಿ. ಹೊಟ್ಟೆಯಲ್ಲಿ ಇಳಿಸಿದರೆ ಪುಕ್ಕಟೆ. ಈ ಮಾತಿಗೆ ಅಲ್ಲಿ ಮುಂದಿನ ಸಾಲಿನವರು ನಗುತ್ತಿಲ್ಲ, ನಾನು ಮುಂದಕ್ಕೆ ಹೋಗುತ್ತೇನೆ.

ಏರಿನಲ್ಲಿ ನಿಜವಾಗಿ ಕೆಲಸ ಮಾಡುವುದು ಚೈನು ಓಡುವ ಹಲ್ಲುಚಕ್ರಗಳ ಹಲ್ಲಿನ ಲೆಕ್ಕ. ಹಳೆಯ ಕರಿ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಎಂದಿಟ್ಟುಕೊಳ್ಳಿ. ಪೆಡಲು ಒಂದು ಸುತ್ತು ಬಂದರೆ ಚಕ್ರ ಸುಮಾರು ಎರಡೂವರೆ ಸುತ್ತು, ನೆಲದ ಮೇಲೆ ಐದೂವರೆ ಮೀಟರ್. ಮದ್ದೂರಿನ ಬಯಲಿಗೆ ಚೆನ್ನ, ಬೆಟ್ಟಕ್ಕೆ ಶಿಕ್ಷೆ. ಗೇರ್ ಸೈಕಲ್ಲಿನಲ್ಲಿ ಮುಂದೆ 28, ಹಿಂದೆ 32 ಇದ್ದರೆ ಒಂದು ತುಳಿತಕ್ಕೆ ಎರಡು ಮೀಟರಿಗೂ ಕಡಿಮೆ. ನಿಧಾನವಾಗಿ, ಮಂಡಿಗೆ ನೋವಿಲ್ಲದೆ ಚಾಮುಂಡಿ ಬೆಟ್ಟದ ನಂದಿ ವಿಗ್ರಹದವರೆಗೂ ಹೋಗಬಹುದು, ಅದರಾಚೆಗೂ ಹೋಗಬಹುದು. ಆದ್ದರಿಂದ ಅಂಗಡಿಯಲ್ಲಿ ‘21 ಗೇರ್ ಇದೆಯಾ, 24 ಇದೆಯಾ’ ಎಂದು ಕೇಳುವುದನ್ನು ಬಿಟ್ಟು, ಮುಂದಿನ ಅತಿ ಸಣ್ಣ ಚಕ್ರದ ಹಲ್ಲು ಎಷ್ಟು, ಹಿಂದಿನ ಅತಿ ದೊಡ್ಡದರ ಹಲ್ಲು ಎಷ್ಟು ಎಂದು ಬಗ್ಗಿ ಎಣಿಸಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಚೈನಿಗೆ ಅಂಗುಲದ ಸ್ಕೇಲು ಸಾಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ, ಇದು ಎಲ್ಲ ಸಾಧಾರಣ ಸೈಕಲ್ಲುಗಳಿಗೂ ಒಂದೇ. ಒಂದು ಪಿನ್ನಿನ ನಡುವೆ ಸ್ಕೇಲಿನ ಸೊನ್ನೆ ಇಟ್ಟರೆ, ಅದನ್ನು ಬಿಟ್ಟು ಎಣಿಸಿದ ಇಪ್ಪತ್ತನಾಲ್ಕನೆಯ ಪಿನ್ನು ಸರಿಯಾಗಿ 12 ಅಂಗುಲಕ್ಕೆ ಬರಬೇಕು. ಅಂಗುಲದ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಅದು ಹಲ್ಲುಗಳನ್ನೂ ತಿಂದು ಮುಗಿಸಿದೆ, ಖರ್ಚು ಮೂರು ಪಟ್ಟು. ಚೈನು ಜಗ್ಗಿ ಉದ್ದವಾಯಿತು ಎನ್ನುತ್ತೇವೆ, ಆದರೆ ಉಕ್ಕು ಜಗ್ಗಿರುವುದಿಲ್ಲ. ಎಣ್ಣೆಗೆ ಅಂಟಿದ ದೂಳು ಪಿನ್ನುಗಳ ಸಂದಿಯಲ್ಲಿ ಅರೆಯುವ ಕಲ್ಲಿನಂತೆ ಕೂತು ತೇಯ್ದಿರುತ್ತದೆ. ಆದ್ದರಿಂದ ಎಣ್ಣೆ ಹಾಕುವಾಗ ಜಿಪುಣರಾಗಿ, ಒಂದೊಂದು ಉರುಳೆಗೆ ಒಂದೊಂದು ತೊಟ್ಟು, ಆಮೇಲೆ ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಿ. ಮೆಕ್ಯಾನಿಕ್ಕಿನ ಹತ್ತಿರದ ಸುಟ್ಟ ಎಂಜಿನ್ ಆಯಿಲ್ ಬೇಡವೇ ಬೇಡ. ಡಿಸ್ಕ್ ಬ್ರೇಕಿನ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು, ಬಿದ್ದರೆ ಹಿಡಿಯಬೇಕಾದ ಪ್ಯಾಡು ಜಾರುತ್ತದೆ. ಅದು ಗೊತ್ತಾಗುವುದು ಇಳಿಜಾರಿನಲ್ಲಿ.

ಹೆಲ್ಮೆಟ್ಟಿನ ಒಳಗಿರುವುದು ಟಿವಿ ಡಬ್ಬದಲ್ಲಿ ಬರುವ ಥರ್ಮೊಕೋಲಿನ ಜಾತಿಯದೇ, ಇನ್ನೂ ದಟ್ಟವಾದದ್ದು. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲವಾದ್ದರಿಂದ ಒಂದು ಸಲ ಬಿದ್ದ ಹೆಲ್ಮೆಟ್ಟನ್ನು, ಹೊರಗೆ ಗೀರು ಕಾಣದಿದ್ದರೂ, ಬಿಸಾಡಬೇಕು. ಅಳತೆ ಸುಲಭ: ಹುಬ್ಬಿನಿಂದ ಒಂದು ಬೆರಳು ಮೇಲೆ ಟೇಪು ಸುತ್ತಿ. ಒಳಗೆ ಸೆಂಟಿಮೀಟರಿನಲ್ಲಿ 54-58, 58-62 ಎಂಬಂತೆ ಬರೆದಿರುತ್ತದೆ. ಇಎನ್ 1078 ಎಂದೂ ಇರಬಹುದು, ಅದು ಯುರೋಪಿನ ಪರೀಕ್ಷೆ. ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸುತ್ತಾರೆ, ನೆಲ ಮುಟ್ಟುವಾಗ ವೇಗ ಗಂಟೆಗೆ 20 ಕಿ.ಮೀ. ಹತ್ತಿರ. ಬೆಟ್ಟ ಇಳಿಯುವಾಗ ನಮ್ಮ ಹುಡುಗರು 45ರಲ್ಲಿ ಬರುತ್ತಾರೆ. ಹೆಲ್ಮೆಟ್ಟು ಹಾಕಿದೆ ಎಂದು ಬ್ರೇಕು ಬಿಡುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಕತ್ತಲ ಸವಾರಿಯ ಬಗ್ಗೆ ಮಂಡ್ಯದವನಾಗಿ ಒಂದು ಮಾತು. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ಒಂದು ಕೆಂಪು ಬಿಲ್ಲೆಯೂ ಇಲ್ಲದ ಟ್ರೇಲರುಗಳು ರಸ್ತೆ ಬದಿಯಲ್ಲಿ ನಿಂತಿರುತ್ತವೆ. ಅಂಚಿನಿಂದ ಜಲ್ಲೆಗಳು ಮಾರುದ್ದ ಹೊರಗೆ ಚಾಚಿರುತ್ತವೆ. ಆ ಜಲ್ಲೆ ಕಾಣಬೇಕಾದರೆ ಮುಂದಿನ ದೀಪ ನಿಜವಾಗಿ ದಾರಿ ತೋರಿಸುವಂತಿರಬೇಕು, ಮಿಣುಕುವ ಆಟಿಕೆ ಸಾಲದು. ಹಿಂದಿನ ಕೆಂಪು ದೀಪ ನಿಮಗಾಗಿ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಪೆಡಲಿಗೆ ಅಥವಾ ಕಣಕಾಲಿಗೆ ಕಟ್ಟಿ. ಮೇಲೆ ಕೆಳಗೆ ಆಡುವುದರಿಂದ ಹಿಂದಿನವರಿಗೆ ಅದು ಮನುಷ್ಯನ ಕಾಲು ಎಂದು ತಟ್ಟನೆ ತಿಳಿಯುತ್ತದೆ. ಬೆಂಗಳೂರಿನ ಕಡೆಗೆ ಹೊರಡುವವರು ನೆನಪಿಡಿ, 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ದಾರಿಯಲ್ಲಿ ಬೈಕಿಗೂ ಸೈಕಲ್ಲಿಗೂ ಪ್ರವೇಶವಿಲ್ಲ, ನಮ್ಮದು ಸರ್ವಿಸ್ ರಸ್ತೆ.

ನಡೆಯುವವರಿಗೆ ನಾನು ಅಷ್ಟೊಂದು ಹೇಳಲಾರೆ, ನನ್ನದು ಚಕ್ರದ ವಂಶ. ಆದರೂ ಬೂಟನ್ನು ಸಂಜೆ ಕೊಳ್ಳಿ, ದಿನವಿಡೀ ಓಡಾಡಿ ಪಾದ ಊದಿರುವಾಗ. ಬೆಟ್ಟಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ಕುಂತಿ ಬೆಟ್ಟ ಹತ್ತುವಾಗ ಅದರ ಬೆಲೆ ತಿಳಿಯುವುದಿಲ್ಲ, ಇಳಿಯುವಾಗ ಉಗುರು ಕಪ್ಪಾದ ಮೇಲೆ ತಿಳಿಯುತ್ತದೆ. ನಮ್ಮ ಚಾಮುಂಡಿಯ ಸಾವಿರ ಮೆಟ್ಟಿಲಿನ ಕಥೆ ಬೇರೆ. ಶತಮಾನಗಳ ಕಾಲು ಬಿದ್ದು ಕಲ್ಲು ನುಣುಪಾಗಿದೆ, ಹರಕೆಯವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿರುತ್ತಾರೆ, ಮೇಲೆ ನಾಲ್ಕು ಹನಿ ಮಳೆ. ಗಟ್ಟಿ ರಬ್ಬರಿನ ದುಬಾರಿ ಬೂಟು ಅಲ್ಲಿ ಸೋಪಿನಂತೆ ಜಾರುತ್ತದೆ. ಪಕ್ಕದಲ್ಲೇ ಬರಿಗಾಲಿನ ಅಜ್ಜಿ ದೀಪ ಹಿಡಿದುಕೊಂಡು ದಾಟಿ ಹೋಗುತ್ತಾರೆ. ಅಟ್ಟೆಯನ್ನು ಉಗುರಿನಿಂದ ಒತ್ತಿ ನೋಡಿ, ತುಸು ತಗ್ಗಬೇಕು.

ಬೆನ್ನಿನ ಚೀಲಕ್ಕೆ ನಿಮ್ಮ ಎತ್ತರ ಲೆಕ್ಕಕ್ಕಿಲ್ಲ, ಬೆನ್ನಿನ ಉದ್ದ ಬೇಕು. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದಲ್ಲ, ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟಕ್ಕೆ ಟೇಪು ಹಿಡಿಸಿ. ಸೊಂಟದ ಪಟ್ಟಿ ಮೂಳೆಯ ಮೇಲೆ ಕೂತರೆ ಭಾರ ಕಾಲಿಗೆ ಇಳಿಯುತ್ತದೆ. ಇಲ್ಲದಿದ್ದರೆ ಎರಡೂ ಭುಜಕ್ಕೆ ಜೋತುಬೀಳುತ್ತದೆ. ಮಳೆ ಅಂಗಿಯ ಚೀಟಿಯಲ್ಲಿ 5,000 ಮಿಲಿಮೀಟರ್, 10,000 ಮಿಲಿಮೀಟರ್ ಎಂದಿರುತ್ತದೆ. ಆ ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ತೊಟ್ಟಿಕ್ಕುವುದಿಲ್ಲ ಎಂದರ್ಥ. ಅಂಕಿ ದೊಡ್ಡದಿದ್ದು ಹೊಲಿಗೆಯ ಒಳಗೆ ಪಟ್ಟಿ ಅಂಟಿಸಿಲ್ಲದಿದ್ದರೆ ನೀರು ಸೂಜಿ ತೂತಿನಿಂದಲೇ ಬರುತ್ತದೆ, ನಾನು ನೆನೆದಿದ್ದೇನೆ. ನಮ್ಮೂರ ರೈತರ ಕಂಬಳಿ ಕೊಪ್ಪೆಯ ಮೇಲೆ ಯಾವ ಅಂಕಿಯೂ ಇರಲಿಲ್ಲ. ಅದು ನೆನೆದು ಮಣಭಾರವಾಗುತ್ತಿತ್ತು, ಆದರೆ ಉಣ್ಣೆಯಾದ್ದರಿಂದ ನೆನೆದರೂ ಒಳಗೆ ಬೆಚ್ಚಗಿರುತ್ತಿತ್ತು. ನೆನೆದ ಹತ್ತಿ ಬನಿಯನ್ ಮೈಯ ಬಿಸಿಯನ್ನೇ ಹೀರುತ್ತದೆ. ಚಾರಣಕ್ಕೆ ಜೀನ್ಸ್ ಹಾಕಿಕೊಂಡು ಬರುವವರಿಗೆ ಇಷ್ಟು ಸಾಕು.

ಪ್ರಶ್ನೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ಆರನೆಯ ತರಗತಿಯಂತೆ. ‘ಅಂಕಲ್, ನಮ್ಮಪ್ಪ ನನಗೆ ಇಪ್ಪತ್ತೊಂದು ಗೇರಿನ ಸೈಕಲ್ ನೋಡಿದ್ದಾರೆ, ಚೆನ್ನಾಗಿದೆಯಾ?’ ಎಂದ. ಮುಂದೆ ಕರೆದೆ. ಮೇಜಿನ ಪಕ್ಕ ನಿಲ್ಲಿಸಿದ್ದ ನನ್ನ ಸೈಕಲ್ಲಿನ ಅಚ್ಚಿನ ಮೇಲೆ ಬೆರಳಿಡಿಸಿ, ಸೀಟನ್ನು ಇಳಿಯುವಷ್ಟೂ ಇಳಿಸಿದೆ. ಆದರೂ ಅದು ಅವನ ಕಂಕುಳಿನಿಂದ ಒಂದು ಗೇಣು ಮೇಲಿತ್ತು. ‘ನೀನು ನೋಡಿರುವ ಸೈಕಲ್ ಇದಕ್ಕಿಂತ ಚಿಕ್ಕದೋ, ದೊಡ್ಡದೋ?’ ಎಂದೆ. ಹುಡುಗ ಅಪ್ಪನ ಕಡೆ ನೋಡಿದ. ಅವರು ಕುರ್ಚಿಯಿಂದ ಅರ್ಧ ಎದ್ದು, ‘ಬೆಳೆಯುವ ಹುಡುಗ ಅಲ್ಲವೇ ಸಾರ್, ಎರಡು ವರ್ಷ ಬರಲಿ ಎಂದು ದೊಡ್ಡದನ್ನೇ ಹೇಳಿದ್ದೇನೆ’ ಎಂದರು.

‘ಮುಂಗಡ ಕೊಟ್ಟಿದ್ದೀರಾ?’

‘ಐನೂರು ರೂಪಾಯಿ.’

‘ಇವತ್ತು ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ?’ ಎಂದು ಕೇಳಿದೆ. ಅವರು ಗಡಿಯಾರ ನೋಡಿಕೊಂಡರು. ಹುಡುಗ ಆಗಲೇ ನನ್ನ ಅಳತೆ ಟೇಪನ್ನು ಕೈಗೆ ತೆಗೆದುಕೊಂಡಿದ್ದ.